ಸ್ಟ್ರ್ಯಾಂಡ್ ಬೀದಿಯ ಜವಳಿ ಅಂಗಡಿ

ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಪೂರ್ವ ತುದಿಯಲ್ಲಿ, ಹೊಳೆಯ ನಡುವಿನ ಬಂಡೆಯಂತೆ, ಸೇಂಟ್ ಮೇರಿ ಲ ಸ್ಟ್ರ್ಯಾಂಡ್ ಚರ್ಚು ನಿಂತಿದೆ. ಜೇಮ್ಸ್ ಗಿಬ್ಸ್ ರೂಪಿಸಿದ ಈ ಕಟ್ಟಡ 1724ರಲ್ಲಿ ಹೊಚ್ಚ ಹೊಸದು. ಅದೇ ವರ್ಷ ಜುಲೈ 12ರ ರಾತ್ರಿ ಈ ಬೀದಿಯ ಉಣ್ಣೆಬಟ್ಟೆ ವ್ಯಾಪಾರಿ ವಿಲಿಯಂ ನೀಬೋನ್‌ನ ಅಂಗಡಿಗೆ ಕನ್ನ ಬಿತ್ತು.

ಕನ್ನ ಹಾಕಿದವನು ಜ್ಯಾಕ್ ಶೆಪರ್ಡ್. ವಯಸ್ಸು 22. ಜೊತೆಗಿದ್ದವನು ಬ್ಲೂಸ್ಕಿನ್ ಎಂಬ ಅಡ್ಡಹೆಸರಿನ ಜೋಸೆಫ್ ಬ್ಲೇಕ್. ನೆಲಮಾಳಿಗೆಯ ಕಿಟಕಿಗೆ ಓಕ್ ಮರದ ಸರಳುಗಳಿದ್ದವು. ಬಡಗಿ ಕೆಲಸ ಕಲಿತ ಜ್ಯಾಕ್‌ಗೆ ಮರದ ಮರ್ಮ ಗೊತ್ತು. ಸರಳು ಕತ್ತರಿಸಿ ಒಳಗಿಳಿದ. ಹೋದದ್ದು 108 ಗಜ ಉಣ್ಣೆಬಟ್ಟೆ. ನ್ಯಾಯಾಲಯದಲ್ಲಿ ಅದರ ಬೆಲೆ 36 ಪೌಂಡು ಎಂದು ಬರೆಸಲಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ತಂದೆಯಿಲ್ಲದ ಜ್ಯಾಕ್‌ನನ್ನು ಬಾಲ್ಯದಲ್ಲಿ ಅಂಗಡಿಗೆ ಸೇರಿಸಿಕೊಂಡು, ಓದುಬರಹ ಕಲಿಸಿ, ಹತ್ತಿರದ ವಿಚ್ ಸ್ಟ್ರೀಟಿನ ಬಡಗಿಯ ಬಳಿ ಕಸುಬಿಗೆ ಹಚ್ಚಿದ್ದವನು ಇದೇ ನೀಬೋನ್! ಉಂಡ ಮನೆಗೇ ಎರಡು ಬಗೆದ. ಆ ವಿಚ್ ಸ್ಟ್ರೀಟನ್ನು ಈಗ ಹುಡುಕಿದರೆ ಸಿಗದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕೆಡವಿ ಆಲ್ಡ್‌ವಿಚ್ ರಸ್ತೆ ಮಾಡಿದರು. ನಮ್ಮ ದೇಶದ ಹೈಕಮಿಷನ್ ಇರುವ ಇಂಡಿಯಾ ಹೌಸ್ ಕೂಡ ಅಲ್ಲೇ ಇದೆ. ವೀಸಾ, ಪಾಸ್‌ಪೋರ್ಟ್ ಎಂದು ಓಡಾಡುವ ಜನರ ಕಾಲಡಿಯಲ್ಲೇ ಆ ಹುಡುಗನ ಬಾಲ್ಯವಿದೆ ಎಂದುಕೊಂಡಾಗ ಮೈ ಜುಮ್ಮೆಂದಿತು.

ಕದ್ದ ಬಟ್ಟೆಯನ್ನು ಬಚ್ಚಿಟ್ಟದ್ದು ವೆಸ್ಟ್‌ಮಿನ್‌ಸ್ಟರಿನ ಕುದುರೆ ದೋಣಿಗಟ್ಟೆಯ ಬಳಿಯ ಲಾಯದಲ್ಲಿ. ದೋಣಿ ಹಾಯುತ್ತಿದ್ದಲ್ಲಿ ಈಗ ಲ್ಯಾಂಬೆತ್ ಸೇತುವೆಯಿದೆ. ದಾಟಿ ಆಚೆ ದಡಕ್ಕೆ ಹೋದರೆ, ಥೇಮ್ಸ್ ದಂಡೆಯ ಮೇಲೆ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ! ಬೇಡವೆಂದವುಗಳಲ್ಲಿ ಕಳವನ್ನೇ ಮೊದಲಿಗಿಟ್ಟ ಅಣ್ಣ, ಆ ಕಳವಿನ ಮಾಲು ಅಡಗಿದ್ದ ದಡದ ಎದುರಿಗೇ ಬಂದು ನಿಂತಿದ್ದಾರೆ. ಇಂಥ ಕಾಕತಾಳೀಯವನ್ನು ನಾನು ಬೇರೆ ಯಾವ ಊರಲ್ಲೂ ಕಂಡಿಲ್ಲ.

ಆಗ ಲಂಡನ್ನಿನಲ್ಲಿ ಪೊಲೀಸ್ ಪಡೆಯಿರಲಿಲ್ಲ. ಕಳ್ಳರನ್ನು ಹಿಡಿದುಕೊಡುವುದನ್ನೇ ದಂಧೆ ಮಾಡಿಕೊಂಡ ಜೊನಾಥನ್ ವೈಲ್ಡ್ ಜ್ಯಾಕ್‌ನನ್ನು ಸಿಕ್ಕಿಹಾಕಿಸಿದ. ಆಗಸ್ಟಿನಲ್ಲಿ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಬೇರೆ ಎರಡು ಆರೋಪಗಳಿಂದ ಪಾರಾದರೂ ನೀಬೋನ್ ಪ್ರಕರಣದಲ್ಲಿ ಮರಣದಂಡನೆಯಾಯಿತು. ಮುಂದಿನದು ಲಂಡನ್ನಿಗೆಲ್ಲ ಬಾಯಿಪಾಠ: ನ್ಯೂಗೇಟ್ ಸೆರೆಮನೆಯಿಂದ ಎರಡು ಸಲ ಪರಾರಿ. ಅಕ್ಟೋಬರ್ 15ರಂದು ಕೈಬೇಡಿಗಳಿಂದ ಬಿಡಿಸಿಕೊಂಡು, ಚಿಮಣಿ ಒಡೆದು, ಬಾಗಿಲ ಮೇಲೆ ಬಾಗಿಲು ಮುರಿದು ಮಾಳಿಗೆಗೇರಿದವನು, ಕೆಳಗಿಳಿಯಲು ಹೊದಿಕೆ ಬೇಕೆಂದು ತನ್ನ ಸೆರೆಕೋಣೆಗೇ ಹಿಂದಿರುಗಿ ಹೋದನಂತೆ! ಮತ್ತೆ ಸಿಕ್ಕಿಬಿದ್ದ ಅವನನ್ನು ನವೆಂಬರ್ 16ರಂದು ಟೈಬರ್ನಿನಲ್ಲಿ ಗಲ್ಲಿಗೇರಿಸಿದಾಗ ಊರಿಗೆ ಊರೇ ನೆರೆದಿತ್ತು.

ಕಥೆಗಾರರು, ನಾಟಕಕಾರರು ಜ್ಯಾಕ್‌ನನ್ನು ಮೆರೆಸಿದರು. ಅವನ ಸಾಹಸಕ್ಕೆ ನಾನೂ ಬೆರಗಾಗಿದ್ದೇನೆ. ಆದರೆ ತಂದೆಯಿಲ್ಲದ ಹುಡುಗನಿಗೆ ಅಕ್ಷರ ಕಲಿಸಿದ ಅಂಗಡಿಕಾರನೂ ನೆನಪಿನಲ್ಲಿ ಉಳಿಯಬೇಕಾದವನೇ. ಓಲ್ಡ್ ಬೈಲಿಯ ಆ ವಿಚಾರಣೆಯ ದಾಖಲೆ ಇಂದಿಗೂ ಉಳಿದಿದೆ, ಯಾರು ಬೇಕಾದರೂ ಓದಬಹುದು. ಲಂಡನ್ನಿಗೆ ಹೋಗುವವರು ಅದನ್ನು ಓದಿಕೊಂಡೇ ಸ್ಟ್ರ್ಯಾಂಡ್ ಬೀದಿಗೆ ಕಾಲಿಡಿ.