ಅಂಜನಾದ್ರಿಯ ನೆರಳಿನಲ್ಲಿ ಹಾರುವ ಹಂಬಲ

ಹುಬ್ಬಳ್ಳಿಯಿಂದ ಗುಂತಕಲ್ಲಿನ ಕಡೆಗೆ ಹೊರಟ ರೈಲು ಗದಗನ್ನು ದಾಟಿ ಪೂರ್ವಾಭಿಮುಖವಾಗಿ ಸಾಗುತ್ತಿದ್ದಂತೆ, ಕೊಪ್ಪಳದ ಪರಿಚಯವನ್ನು ಪ್ರಯಾಣಿಕನಿಗೆ ಮೊದಲು ಮಾಡಿಕೊಡುವವು ಬಂಡೆಗಳು. ಯಾರೋ ಅವಸರದಲ್ಲಿ ಒಂದರ ಮೇಲೊಂದು ಪೇರಿಸಿಟ್ಟು ಹೋದಂತಿರುವ ಬೆಟ್ಟಗಳು. ನೆತ್ತಿಯಲ್ಲಿ ಕೋಟೆ, ಒಡಲಿನಲ್ಲಿ ಗವಿಮಠ. ಊರನ್ನು ಬಿಟ್ಟು ಗಿಣಿಗೇರಾದತ್ತ ಸರಿದರೆ ನೋಟ ಬದಲಾಗುತ್ತದೆ. ಕಾರ್ಖಾನೆಗಳ ಚಿಮಣಿಗಳು ಮೇಲೆದ್ದು ನಿಲ್ಲುತ್ತವೆ. ಅಲ್ಲಿಗೆ ಸಮೀಪದ ಬಸಾಪುರದ ಬಯಲಿನಲ್ಲಿ ಎಂ.ಎಸ್.ಪಿ.ಎಲ್. ಸಂಸ್ಥೆಗೆ ಸೇರಿದ ಒಂದು ಖಾಸಗಿ ವಿಮಾನಪಟ್ಟಿ ಇದೆ. ಆಗೊಮ್ಮೆ ಈಗೊಮ್ಮೆ ಒಂದು ಪುಟ್ಟ ವಿಮಾನ ಅಲ್ಲಿ ಇಳಿದಾಗ, ಹೊಲದಲ್ಲಿ ಕಳೆ ಕೀಳುತ್ತಿದ್ದವರೂ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಮೇಲೆ ನೋಡುತ್ತಾರೆ.

ಕೇಂದ್ರ ಸರಕಾರದ ಉಡಾನ್ ಯೋಜನೆ 2016ರಲ್ಲಿ ಆರಂಭವಾದ ಬಳಿಕ ಕೊಪ್ಪಳದ ಹೆಸರೂ ಅದರ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಟಿಕೆಟ್ಟು ಕೊಂಡು ಹತ್ತುವ ವಿಮಾನಕ್ಕಾಗಿ ಊರು ಕಾದದ್ದೇ ಬಂತು. ಆದರೆ ವಿಮಾನ ಬಾರದ ಊರಿನಲ್ಲಿ ವಿಮಾನದ ಹುಚ್ಚು ಇರಬಾರದೆಂಬ ನಿಯಮವೇನೂ ಇಲ್ಲವಲ್ಲ! ಡಾಕ್ಟರು, ಇಂಜಿನಿಯರು ಎಂಬ ಎರಡೇ ಪದವಿಗಳನ್ನು ಬಾಯಿಪಾಠ ಮಾಡಿದ್ದ ಮನೆಗಳ ಪಡಸಾಲೆಗೆ ‘ಪೈಲಟ್’ ಎಂಬ ಮೂರನೆಯ ಮಾತು ಈಗ ಬಂದು ಕುಳಿತಿದೆ.

“ಯಪ್ಪಾ, ನಾ ವಿಮಾನ ಹಾರಸೂದು ಕಲೀತೀನಿ” ಎಂದು ಮಗಳು ಕೇಳಿದರೆ, “ವಿಮಾನಕ್ಕಿಂತ ಮೊದಲ ನಮ್ಮ ಹೊಲಾ ಹಾರಿ ಹೋದೀತು ನೋಡವ್ವಾ” ಎನ್ನುವುದು ಇಲ್ಲಿನ ತಂದೆಯ ಉತ್ತರ. ಅದರಲ್ಲಿ ಹಾಸ್ಯವೂ ಇದೆ, ಭಯವೂ ಇದೆ. ಆ ಭಯ ಎಷ್ಟರಮಟ್ಟಿಗೆ ನಿಜ ಎಂಬುದನ್ನು ಈ ನಾಲ್ಕು ತಾಲೂಕುಗಳ ನೆಲವೇ ಹೇಳಬಲ್ಲದು.

ಈ ನೆಲ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಆ ಕಾಲದ ಹಿರಿಯರ ಪಾಲಿಗೆ ವಿಮಾನವೆಂದರೆ ಹೈದರಾಬಾದಿನ ಬೇಗಂಪೇಟೆ. ನೋಡಿ ಬಂದವನು ಊರಿಗೆಲ್ಲ ಕಥೆ ಹೇಳಬೇಕಾದ ವಸ್ತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಇವು ರಾಯಚೂರು ಜಿಲ್ಲೆಯ ತಾಲೂಕುಗಳಾಗಿ ಬಂದವು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕೂಡಿ ಪ್ರತ್ಯೇಕ ಜಿಲ್ಲೆಯಾಯಿತು. ಮುಂದೆ ಕನಕಗಿರಿ, ಕಾರಟಗಿ, ಕುಕನೂರು ಎಂಬ ಹೊಸ ತಾಲೂಕುಗಳು ಒಡೆದು ಬಂದರೂ, ಜನರ ಬಾಯಲ್ಲಿ ಇಂದಿಗೂ ಆ ಹಳೆಯ ನಾಲ್ಕೇ ಹೆಸರುಗಳು ಮೊದಲು ಬರುತ್ತವೆ.

ಗಂಗಾವತಿಯ ದಾರಿ ಹಿಡಿದರೆ ಕಣ್ಣಿಗೆ ಹಸಿರಿನ ಅಭಿಷೇಕ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ಹೊರಟ ಎಡದಂಡೆಯ ಕಾಲುವೆ ಈ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿದೆ. ಅಕ್ಕಿ ಗಿರಣಿಗಳ ಸದ್ದು, ತೌಡಿನ ವಾಸನೆ, ಲಾರಿಗಳ ಸಾಲು. ನೀರಾವರಿಯ ಹೊಲಕ್ಕೆ ಬೆಲೆ ಉಂಟು. ಬೆಲೆಯುಳ್ಳ ಹೊಲಕ್ಕೆ ಬ್ಯಾಂಕಿನಲ್ಲಿ ಮರ್ಯಾದೆಯೂ ಉಂಟು. ಆದುದರಿಂದ ಮಕ್ಕಳ ದೊಡ್ಡ ಆಸೆಗಳಿಗೆ ಮನೆಯವರು ಇಲ್ಲಿ ಬೇಗನೆ ತಲೆದೂಗುತ್ತಾರೆ. ಅಪಾಯವಿರುವುದೂ ಅಲ್ಲಿಯೇ.

ಊರಿನಿಂದ ಆನೆಗೊಂದಿಯ ಕಡೆಗೆ ನಡೆದರೆ ಅಂಜನಾದ್ರಿ ಎದುರಾಗುತ್ತದೆ. ಸುಣ್ಣ ಬಳಿದ 575 ಮೆಟ್ಟಿಲುಗಳನ್ನು ಏರಿದವರಿಗೆ ಕೆಳಗೆ ತುಂಗಭದ್ರೆಯ ತಿರುವು, ಭತ್ತದ ಗದ್ದೆ, ಬಾಳೆಯ ತೋಟ, ಆಚೆಯ ದಡದಲ್ಲಿ ಹಂಪಿಯ ಗೋಪುರ. ನಮ್ಮ ಪುರಾಣದ ಪ್ರಥಮ ವೈಮಾನಿಕ ಹುಟ್ಟಿದ್ದು ಇಲ್ಲಿಯೇ ಎಂಬುದು ಕಿಷ್ಕಿಂಧೆಯ ಜನರ ನಂಬಿಕೆ. ಉದಯಸೂರ್ಯನನ್ನು ಹಣ್ಣೆಂದು ಭ್ರಮಿಸಿ ನೆಗೆದ ಆ ಬಾಲಕನ ದವಡೆಗೆ ಇಂದ್ರನ ವಜ್ರಾಯುಧ ಬಡಿಯಿತು. ಅದೇ ಹನುಮ, ತಾನು ಹಿಡಿಯಹೋದ ಸೂರ್ಯನಿಗೇ ಶಿಷ್ಯನಾಗಿ ವಿದ್ಯೆ ಕಲಿತನೆನ್ನುತ್ತಾರೆ. ಮುಂದೆ ಕಡಲ ದಡದಲ್ಲಿ ಜಾಂಬವಂತ ಅವನ ಶಕ್ತಿಯನ್ನು ನೆನಪಿಸಿದ ಮೇಲೆಯೇ ಸಮುದ್ರವನ್ನು ಲಂಘಿಸಿದನು. ಗುರುವಿಲ್ಲದೆ ಹಾರಿದ ಮೊದಲ ಹಾರಾಟಕ್ಕೂ ಗುರುವಿನ ಮಾತಿನಿಂದ ಹಾರಿದ ಎರಡನೆಯ ಹಾರಾಟಕ್ಕೂ ಇರುವ ಅಂತರವನ್ನು ಗಂಗಾವತಿಯ ತಂದೆತಾಯಿಗಳು ಮನಸ್ಸಿಗೆ ತಂದುಕೊಳ್ಳುವುದು ಒಳಿತು.

ಏಕೆಂದರೆ ಪೈಲಟ್ ಆಗುವ ದಾರಿಯ ಮೊದಲ ಬಾಗಿಲು ಶಾಲೆಯದಲ್ಲ, ವೈದ್ಯರದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಗೊತ್ತುಪಡಿಸಿದ ವೈದ್ಯರಲ್ಲಿ ಎರಡನೆಯ ದರ್ಜೆಯ ತಪಾಸಣೆ, ಅನಂತರ ಇನ್ನೂ ಬಿಗಿಯಾದ ಒಂದನೆಯ ದರ್ಜೆಯ ತಪಾಸಣೆ. ಈ ಎರಡನೆಯದನ್ನು ಮಾಡುವ ಕೇಂದ್ರಗಳಲ್ಲಿ ಬೆಂಗಳೂರಿನ ವಾಯುಪಡೆಯ ಅಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಒಂದು. ಕನ್ನಡಕ ಧರಿಸಿದವರು ಧೈರ್ಯಗೆಡಬೇಕಿಲ್ಲ. ದೃಷ್ಟಿದೋಷ ಕನ್ನಡಕದಿಂದ ಸರಿಹೋಗುವಂತಿದ್ದರೆ ಸಾಮಾನ್ಯವಾಗಿ ದಾರಿ ಮುಚ್ಚುವುದಿಲ್ಲ. ಬಣ್ಣಗಳನ್ನು ಗುರುತಿಸಲಾರದ ಕಣ್ಣಿಗೆ ಮಾತ್ರ ಆ ದಾರಿ ಕಷ್ಟ. ಈ ತಪಾಸಣೆಯ ಖರ್ಚು ಕೆಲವು ಸಾವಿರ ರೂಪಾಯಿ. ಶಾಲೆಯ ಶುಲ್ಕ ಹತ್ತಾರು ಲಕ್ಷ. ಆದರೂ ಅನೇಕರು ಮೊದಲು ಶುಲ್ಕದ ಕಂತನ್ನು ಕಟ್ಟಿ ಆಮೇಲೆ ವೈದ್ಯರ ಬಳಿಗೆ ಹೋಗುತ್ತಾರೆ. ಬಾವಿ ತೋಡಿಸಿದ ಮೇಲೆ ನೀರಿನ ಸೆಲೆ ನೋಡಿಸಿದಂತೆ!

ಗಂಗಾವತಿಯಿಂದ ಉತ್ತರಕ್ಕೆ ತಿರುಗಿ ಕುಷ್ಟಗಿಯತ್ತ ಸಾಗಿದರೆ ಹಸಿರು ಹಿಂದೆ ಉಳಿಯುತ್ತದೆ. ಕೆಂಪು ನೆಲ, ನಡುನಡುವೆ ಎರೆಯ ಪಟ್ಟಿ, ಸಜ್ಜೆ, ಜೋಳ, ತೊಗರಿ. ಕೊಳವೆ ಬಾವಿಯ ಭಾಗ್ಯವಿದ್ದಲ್ಲಿ ದಾಳಿಂಬೆ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಎಲ್ಲ ವರ್ಷವೂ ಬರುವ ಅತಿಥಿಯಲ್ಲ. ಕುಷ್ಟಗಿ ಪಟ್ಟಣ ರೈಲಿನ ಸಿಳ್ಳನ್ನು ಕೇಳಿದ್ದೇ 2025ರಲ್ಲಿ. ಗದಗ–ವಾಡಿ ಮಾರ್ಗದ ಆ ಮೊದಲ ರೈಲನ್ನು ನೋಡಲು ಜನ ನೆರೆದಾಗ, ತಾತನ ಕಣ್ಣು ಹಳಿಯ ಮೇಲೆ, ಮೊಮ್ಮಗನ ಮನಸ್ಸು ಆಕಾಶದಲ್ಲಿ ಇದ್ದಿದ್ದರೆ ಅದು ಕಾಲಧರ್ಮವೇ ಸರಿ.

ಆದರೆ ಒಕ್ಕಲಿಗನು ಶಪಿಸುವ ಈ ಮೋಡವಿಲ್ಲದ ಆಕಾಶ ವಿಮಾನ ಕಲಿಯುವವನಿಗೆ ವರವಾಗಿ ಪರಿಣಮಿಸುತ್ತದೆ. ಹೊಸ ವಿದ್ಯಾರ್ಥಿ ಹಾರುವುದು ಕಣ್ಣಿಗೆ ಕಾಣುವ ನೆಲ ಮತ್ತು ದಿಗಂತಗಳನ್ನು ನಂಬಿ. ಮಂಜು ಕವಿದರೆ, ಮೋಡ ತಗ್ಗಿದರೆ, ಅಡ್ಡಗಾಳಿ ಎದ್ದರೆ ಆ ದಿನ ವಿಮಾನ ಕೊಟ್ಟಿಗೆಯಲ್ಲಿ, ವಿದ್ಯಾರ್ಥಿ ಹಾಸ್ಟೆಲಿನಲ್ಲಿ. ಊಟದ ಖರ್ಚು ಮಾತ್ರ ನಿಲ್ಲುವುದಿಲ್ಲ. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ದೇಶದ ಹೆಸರಾಂತ ಶಾಲೆ. ಅಖಿಲ ಭಾರತ ಮಟ್ಟದ ಲಿಖಿತ ಪರೀಕ್ಷೆ, ಸಂದರ್ಶನಗಳನ್ನು ದಾಟಿದವರಿಗೆ ಮಾತ್ರ ಅಲ್ಲಿ ಸ್ಥಾನ. ಆದರೆ ಗಂಗೆಯ ಬಯಲಿನ ಚಳಿಗಾಲದ ಮಂಜು ಅಲ್ಲಿಯೂ ಯಾರ ಮುಖವನ್ನೂ ನೋಡುವುದಿಲ್ಲ. ಹಾರಾಟದ ಗಂಟೆಗಳನ್ನು ಹೆಚ್ಚಿಸಲೆಂದು ಆ ಸಂಸ್ಥೆಗೆ ಮಹಾರಾಷ್ಟ್ರದ ಗೋಂದಿಯಾದಲ್ಲಿಯೂ ನಮ್ಮ ಕಲಬುರಗಿಯಲ್ಲಿಯೂ ತರಬೇತಿ ನಡೆಸಲು ಸರಕಾರ ಅನುಮತಿ ಕೊಟ್ಟಿತೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ತೆರೆಯಿತು. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹಾರಾಟದ ಶಾಲೆಗಳಿಗೆ ಎಡೆ ಮಾಡಿಕೊಟ್ಟಾಗ, ಆ ಐದರಲ್ಲಿ ಬೆಳಗಾವಿ, ಕಲಬುರಗಿ ಎರಡೂ ಸೇರಿದ್ದವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರಕಾರದ ಹಾರಾಟ ಶಾಲೆಯಂತೂ 1940ರ ದಶಕದ ಕೊನೆಯಲ್ಲಿ, ಮೈಸೂರು ಸಂಸ್ಥಾನದ ಕಾಲದ ಭೂಮಿಯಲ್ಲಿ ಹುಟ್ಟಿದ್ದು. ಕುಷ್ಟಗಿಯ ಹುಡುಗನಿಗೆ ಹೀಗೆ ದೂರದೂರುಗಳೂ ಉಂಟು, ಹತ್ತಿರದೂರುಗಳೂ ಉಂಟು. ಶಾಲೆ ಯಾವ ಊರಿನಲ್ಲಿದೆ ಎಂಬುದಕ್ಕಿಂತ, ಆ ಊರಿನ ಆಕಾಶ ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂದು ಕೇಳುವುದು ಜಾಣತನ.

ಕುಷ್ಟಗಿಯಿಂದ ಯಲಬುರ್ಗಾ, ಯಲಬುರ್ಗಾದಿಂದ ಕುಕನೂರು, ಅಲ್ಲಿಂದ ಇಟಗಿ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಮಹಾದೇವ ದೇವಾಲಯ ಅಲ್ಲಿದೆ. ‘ದೇವಾಲಯ ಚಕ್ರವರ್ತಿ’ ಎಂಬ ಬಿರುದು ಆ ಗುಡಿಗೆ ಶಾಸನದಲ್ಲಿಯೇ ಸಂದಿದೆ. ಕಂಬದ ಮೇಲೆ ಕೈಯಾಡಿಸಿದರೆ ಕಲ್ಲಿನ ನುಣುಪು ಬೆರಳಿಗೆ ತಿಳಿಯುತ್ತದೆ. ಅಳತೆಯಲ್ಲಿ ಒಂದೇ ಒಂದು ಕೂದಲೆಳೆಯಷ್ಟು ತಪ್ಪನ್ನೂ ಸಹಿಸದ ಕೆಲಸವದು. ವಿಮಾನವಿದ್ಯೆಯೂ ಅಂತಹುದೇ, ಅದರ ಲೆಕ್ಕವನ್ನು ಕೊಂಚ ನೋಡಬೇಕು.

ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ ಹಾರಾಟ 200 ಗಂಟೆ. ಕೂಡಿಸಿ ನೋಡಿದರೆ ಎಂಟು ದಿನ ಎಂಟು ಗಂಟೆ, ಅಷ್ಟೇ! ಅದರಲ್ಲಿ 100 ಗಂಟೆ ವಿಮಾನದ ಹೊಣೆಯನ್ನು ತಾನೇ ಹೊತ್ತು ಹಾರಬೇಕು. ರಾತ್ರಿಯ ಹಾರಾಟ, ಉಪಕರಣಗಳನ್ನಷ್ಟೇ ನಂಬಿದ ಹಾರಾಟ, 300 ನಾಟಿಕಲ್ ಮೈಲಿಯ ದೂರದ ಪಯಣ ಎಲ್ಲವೂ ಸೇರಬೇಕು. ವಯಸ್ಸು 18 ತುಂಬಿರಬೇಕು. ಹಲವು ದಶಕಗಳಿಂದ ನಡೆದುಬಂದ ನಿಯಮದಂತೆ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿರಬೇಕು. ವಿಮಾನ ನಿಯಮ, ದಿಕ್ಕು-ದೂರಗಳ ಶಾಸ್ತ್ರ, ಹವಾಮಾನ ಮೊದಲಾದ ಲಿಖಿತ ಪರೀಕ್ಷೆಗಳಲ್ಲಿ ನೂರಕ್ಕೆ 70 ಗಳಿಸಬೇಕು. ರೇಡಿಯೋದಲ್ಲಿ ತಪ್ಪಿಲ್ಲದೆ ಮಾತನಾಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಹೆದರಿಸುವುದು ಈ ರೇಡಿಯೋದ ಇಂಗ್ಲಿಷು. ಆದರೆ ಅಲ್ಲಿ ಬೇಕಾದದ್ದು ಕಾವ್ಯದ ಇಂಗ್ಲಿಷಲ್ಲ. ಅಳತೆಯ ಮಾತು, ಸ್ಪಷ್ಟ ಉಚ್ಚಾರ. ದಿನಕ್ಕೊಂದು ಗಂಟೆಯ ಸಾಧನೆಯಿಂದ ಯಲಬುರ್ಗಾದ ಮಕ್ಕಳಿಗೂ ಅದು ಒಲಿಯುತ್ತದೆ.

ಎಂಟು ದಿನದ ಆ ಹಾರಾಟ ಮುಗಿಯಲು ಒಂದೂವರೆ ವರ್ಷವೂ ಆದೀತು, ಮೂರು ವರ್ಷವೂ ಆದೀತು. ಶಾಲೆಯ ಆಯ್ಕೆಯ ಮರ್ಮವೆಲ್ಲ ಇರುವುದು ಈ ಅಂತರದಲ್ಲಿಯೇ. ಸಂತೆಯಲ್ಲಿ ಎತ್ತು ಕೊಳ್ಳುವ ಒಕ್ಕಲಿಗನು ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ಒಕ್ಕಲಿಗನು ಮಗನ ಶಾಲೆಯನ್ನು ಬಣ್ಣದ ಪುಸ್ತಿಕೆ ನೋಡಿ ಒಪ್ಪುವುದೇಕೆ? ಶಾಲೆಯ ಅಂಗಳದಲ್ಲಿ ನಿಂತು ಕೇಳಬೇಕು: ವಿಮಾನಗಳೆಷ್ಟು, ಅವುಗಳಲ್ಲಿ ಇಂದು ಹಾರುವಂಥವು ಎಷ್ಟು? ಒಂದು ವಿಮಾನಕ್ಕೆ ವಿದ್ಯಾರ್ಥಿಗಳೆಷ್ಟು, ಬೋಧಕರೆಷ್ಟು? ಕಳೆದ ವರ್ಷ ಸೇರಿದವರು ಈಗ ಎಷ್ಟನೆಯ ಗಂಟೆಯಲ್ಲಿದ್ದಾರೆ? ಹಣವನ್ನು ಒಟ್ಟಿಗೆ ಕಟ್ಟಬೇಕೋ, ಹಾರಿದಷ್ಟಕ್ಕೆ ಕಟ್ಟಬಹುದೋ? ನಡುವೆ ಬಿಟ್ಟರೆ ಉಳಿದ ಹಣ ಮರಳೀತೋ? ಈ ಪ್ರಶ್ನೆಗಳನ್ನು ಕಚೇರಿಯಲ್ಲಿ ಒಮ್ಮೆ, ಹಾಸ್ಟೆಲಿನ ಹುಡುಗರ ಬಳಿ ಇನ್ನೊಮ್ಮೆ ಕೇಳಿ, ಎರಡು ಉತ್ತರಗಳನ್ನೂ ತಾಳೆ ನೋಡಬೇಕು. ಮಹಾನಿರ್ದೇಶನಾಲಯವು 2025ರಿಂದ ಶಾಲೆಗಳಿಗೆ ದರ್ಜೆ ಕೊಡುವ ಪದ್ಧತಿಯನ್ನು ಆರಂಭಿಸಿದೆ. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಯಾವ ಶಾಲೆಗೂ ದೊರೆಯಲಿಲ್ಲ ಎಂಬುದೊಂದೇ ಪಾಲಕರ ಕಣ್ಣು ತೆರೆಸಲು ಸಾಕು.

ಇನ್ನು ಖರ್ಚು. ನಲವತ್ತು ಲಕ್ಷ ದಾಟುವ ಶುಲ್ಕ ಈಗ ಅಪರೂಪವಲ್ಲ. ಪರವಾನಗಿ ಕೈಗೆ ಬಂದ ಮೇಲೂ ಏರ್‌ಬಸ್, ಬೋಯಿಂಗ್‌ಗಳಂತಹ ದೊಡ್ಡ ವಿಮಾನಕ್ಕೆ ಬೇರೆಯ ತರಬೇತಿ, ಅದಕ್ಕೆ ಬೇರೆ ಲಕ್ಷಗಳು. ಕೆಲಸ ಕೂಡಲೇ ಸಿಕ್ಕೀತೆಂಬ ಕರಾರನ್ನು ಯಾವ ಪರವಾನಗಿಯ ಮೇಲೂ ಅಚ್ಚು ಹಾಕಿರುವುದಿಲ್ಲ. ಯಲಬುರ್ಗಾದ ಮಳೆಯಾಶ್ರಿತ ಹೊಲವನ್ನು ಮಾರಿ ಈ ಮೊತ್ತವನ್ನು ಕೂಡಿಸಹೊರಟ ಮನೆ, ಕೆಲಸ ಎರಡು ವರ್ಷ ತಡವಾದರೆ ಒಲೆ ಉರಿಯುವ ಬಗೆ ಹೇಗೆ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟುಕೊಳ್ಳಬೇಕು. ಉತ್ತರ ದೊರೆಯದಿದ್ದರೆ ಹೊಲವನ್ನು ಮುಟ್ಟದಿರುವುದೇ ಲೇಸು.

ಹಾಗೆಂದು ಬಡವನ ಮಗಳಿಗೆ ಆಕಾಶ ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ಶುಲ್ಕವಿಲ್ಲದ ಒಂದು ಶಾಲೆಯುಂಟು. ಅದು ದೇಶದ ವಾಯುಪಡೆ. ಸ್ಪರ್ಧೆ ಕಠಿಣ, ಶಿಸ್ತು ಇನ್ನೂ ಕಠಿಣ. ಆದರೆ ಆಯ್ಕೆಯಾದವರ ವಿದ್ಯೆಯ ಭಾರವನ್ನು ರಾಷ್ಟ್ರವೇ ಹೊರುತ್ತದೆ. ಹೈದರಾಬಾದಿನ ಬಳಿಯ ದುಂಡಿಗಲ್ಲಿನಲ್ಲಿ ಅದರ ಅಕಾಡೆಮಿ. ನಮ್ಮ ಬೀದರಿನಲ್ಲಿ ಹಾಕ್ ವಿಮಾನಗಳ ಮೇಲೆ ಮುಂದಿನ ಪಾಠ. 2016ರಲ್ಲಿ ನೇಮಕಗೊಂಡ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಚಾಲಕಿಯರು ಬೀದರಿನ ಆಕಾಶದಲ್ಲಿಯೇ ಪಳಗಿದರು. ಒಂದು ಕಾಲಕ್ಕೆ ಇದೇ ಹೈದರಾಬಾದ್ ಸಂಸ್ಥಾನದೊಳಗಿದ್ದ ಬೀದರಿಗೆ ಕೊಪ್ಪಳದ ಹುಡುಗಿ ಹೋಗಿ ಹಾರಲಾರಳೇ?

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಗರುಡನನ್ನು ಕಡೆಯುತ್ತಾರೆ. ಮರ ಒಣಗಬೇಕು, ರೂಪ ಮೂಡಬೇಕು, ಮೆತ್ತಿದ ಲೇಪ ಆರಬೇಕು. ಬಣ್ಣದ ರೆಕ್ಕೆ ಬರುವುದು ಎಲ್ಲಕ್ಕಿಂತ ಕೊನೆಗೆ. ಕೆಲಸದ ಕ್ರಮವನ್ನು ಅವಸರಪಡಿಸಿದರೆ ಬಣ್ಣ ಬಿರುಕು ಬಿಡುತ್ತದೆ. ವೈದ್ಯರ ತಪಾಸಣೆ, ಓದು, ಶಾಲೆಯ ಪರೀಕ್ಷೆ, ಹಣದ ಲೆಕ್ಕ, ಇವಾದ ಮೇಲೆ ರೆಕ್ಕೆ. ಪಾಲಕರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಪಟ್ಟಣದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿ ಕೊರೆಯಿಸಿದ ಶಾಸನಗಳಿವೆ. ಸ್ವರ್ಗವು ದೊಡ್ಡವರ ಸೊತ್ತಲ್ಲ, ಶ್ರಮಿಸಿದರೆ ಸಣ್ಣವರಿಗೂ ದೊರೆಯುತ್ತದೆ ಎಂಬುದು ಆ ಬರಹದ ಸಾರ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ಬಂಡೆಯ ಮೇಲೆ ಬರೆದಿಟ್ಟ ಮಾತನ್ನು ಊರಿನ ಮಕ್ಕಳು ತಮ್ಮ ರೀತಿಯಲ್ಲಿ ಓದಿಕೊಳ್ಳುತ್ತಿದ್ದಾರೆ. ಅವರು ಮೇಲೆ ನೋಡುತ್ತಿರುವಾಗ ಅವರ ಕಾಲ ಕೆಳಗಿನ ನೆಲ ಕುಸಿಯದಂತೆ ನೋಡಿಕೊಳ್ಳುವುದಷ್ಟೇ ಹಿರಿಯರ ಕೆಲಸ.