ಹಿಂದಿನ ಚಾಪೆಗೂ ಕೇಳಬೇಕು

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂತು. ಈಗಲೂ ಕೈಯಾರೆ ಬರೆದು ಅಂಚೆಗೆ ಹಾಕುತ್ತೀಯಲ್ಲ, ಅದಕ್ಕೇ ನಿನ್ನ ಮೇಲೆ ನನಗೆ ಜೀವ. ನನ್ನ ಮೊಣಕಾಲು ಇದ್ದ ಹಾಗೇ ಇದೆ, ಎಣ್ಣೆ ತಿಕ್ಕುವುದು ನಡೆದಿದೆ. ಆ ಸುದ್ದಿ ಇಷ್ಟು ಸಾಕು. ನನ್ನನ್ನು ಚಿಂತೆಗೆ ಹಚ್ಚಿದ್ದು ನಿನ್ನ ಮಗಳ ವಿಷಯ. ಅವಳು ನಾಟಕದ ತಂಡ ಸೇರಿದಳೆಂದು ಅರ್ಧ ಪುಟ ಗೊಣಗಿದ್ದೀ, ಕಂಪನಿ ನಾಟಕದ ಹಾಡು ಕಲಿಯಬೇಕೆಂದು ಹಟ ಹಿಡಿದಿದ್ದಾಳೆಂದು ಇನ್ನರ್ಧ ಪುಟ. ಅದರ ಮೇಲೆ, ಮೊಬೈಲಿನಲ್ಲಿ ಯಾವುದೋ ಹಳೆಯ ತುಣುಕು ನೋಡಿ ‘ಬರೀ ಚೀರಾಟ’ ಎಂದುಬಿಟ್ಟಿದ್ದೀ. ಸಣ್ಣವನಿದ್ದಾಗಿನಿಂದ ನಿನ್ನದು ಇದೇ ಆಯಿತು, ತೀರ್ಪು ಮೊದಲು, ವಿಚಾರಣೆ ಆಮೇಲೆ!

ನೀನು ಆ ಕಂಪನಿ ನಾಟಕಗಳ ಕಾಲ ನೋಡಲಿಲ್ಲ, ಪಾಪ. ನೀನು ಹುಟ್ಟುವ ಹೊತ್ತಿಗೆ ನಮ್ಮ ಓಣಿಯ ಹಿಂದಿನ ನಾಟಕದ ಥೇಟರು ಟಾಕೀಸಾಗಿ ಹೋಗಿತ್ತು. 1950ರ ದಶಕದಲ್ಲಿ ಅಲ್ಲಿ ತಗಡಿನ ಮಾಡು, ಬಿದಿರಿನ ತಟ್ಟಿ, ಮುಂದೆ ಕುರ್ಚಿ, ನಡುವೆ ಬೆಂಚು, ಹಿಂದೆ ಚಾಪೆ. ಹೆಂಗಸರಿಗೆ ಒಂದು ಬದಿ ಬೇರೆ. ಸಂಜೆ ಟಾಂಗಾದಲ್ಲಿ ಹಲಗೆ ಬಡಿಯುತ್ತಾ ಹ್ಯಾಂಡ್‌ಬಿಲ್ಲು ತೂರುತ್ತಾ ಹೋಗುತ್ತಿದ್ದರು, ನಾವು ಮಕ್ಕಳು ಹಿಂದೆ ಓಡುತ್ತಿದ್ದೆವು. ರಾತ್ರಿ ಊಟ ಮುಗಿಸಿ ಅವ್ವ ಕೌದಿ ಬಗಲಲ್ಲಿಟ್ಟುಕೊಂಡು ಹೊರಡುತ್ತಿದ್ದಳು. ನಾಟಕ ಮುಗಿಯುವುದು ಬೆಳಗಿನ ಜಾವಕ್ಕೆ. ನಾನು ಎಷ್ಟೋ ನಾಟಕಗಳ ಕೊನೆಯನ್ನು ಅವ್ವನ ಬಾಯಿಂದಲೇ ಕೇಳಿದ್ದು, ನಿದ್ದೆ ಬಿಡಬೇಕಲ್ಲ!

ನೀನು ಚೀರಾಟ ಎಂದಿದ್ದಕ್ಕೆ ಬರುತ್ತೇನೆ. ಆ ನಟರು ದನಿ ಪಳಗಿಸಿಕೊಂಡದ್ದು ಮೈಕು ಇಲ್ಲದ ಕಾಲದಲ್ಲಿ. ಚಾಪೆಯ ಕೊನೆಯ ಸಾಲಿನಲ್ಲಿ ಕೂತ ಹಮಾಲನೂ ರೊಕ್ಕ ಕೊಟ್ಟು ಬಂದವನೇ, ಅವನಿಗೂ ಪ್ರತಿ ಅಕ್ಷರ ಕೇಳಬೇಕು. ಮಳೆ ಬಂದು ತಗಡು ಸದ್ದು ಮಾಡಿದರೆ ಅದನ್ನೂ ಮೀರಿಸಬೇಕು. ಅಷ್ಟು ದೊಡ್ಡ ದನಿಯಲ್ಲೇ ಅಳಬೇಕು, ಅಷ್ಟು ದೊಡ್ಡ ದನಿಯಲ್ಲೇ ಗುಟ್ಟು ಹೇಳಬೇಕು. ಆ ದನಿಯನ್ನು ಅಂಗೈಯಗಲದ ಮೊಬೈಲಿಗೆ ತುರುಕಿದರೆ ಕಿವಿಗೆ ಬಡಿಯುವುದು ಸಹಜ. ತಪ್ಪು ದನಿಯದಲ್ಲ, ತಮ್ಮಾ.

ನಿನ್ನ ಮಗಳಿಗೆ ಒಂದು ಸಂಗತಿ ತಪ್ಪದೆ ಹೇಳು. ರಂಗದ ಮುಂದಿನ ತಗ್ಗಿನಲ್ಲಿ ಕಾಲುಪೇಟಿ ಇಟ್ಟುಕೊಂಡು ಪೇಟಿ ಮಾಸ್ತರರು ಕೂಡುತ್ತಿದ್ದರು, ಪಕ್ಕದಲ್ಲಿ ತಬಲಾ. ಮಾಸ್ತರರ ಕಾಲು ಕೆಳಗೆ ಗಾಳಿ ತುಂಬುತ್ತಿತ್ತು, ಎರಡೂ ಕೈ ಮನೆಗಳ ಮೇಲೆ, ಕಣ್ಣು ಮಾತ್ರ ನಟಿಯ ಮುಖದ ಮೇಲೆ. ಅವಳ ಮಾತಿನ ಕೊನೆಯ ಸಾಲು ಮುಗಿಯುವ ಮುನ್ನವೇ ಪೇಟಿಯ ಸ್ವರ ಮೆಲ್ಲಗೆ ಏಳುತ್ತಿತ್ತು. ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಶುರುವಾಯಿತು ಗೊತ್ತಾಗುತ್ತಲೇ ಇರಲಿಲ್ಲ. ನೆಗಡಿಯಾಗಿ ಅವಳ ಗಂಟಲು ಕೂತಿದ್ದರೆ ಮಾಸ್ತರರು ಪಟ್ಟಿಯನ್ನು ಒಂದು ಮನೆ ಕೆಳಗಿಳಿಸಿ ಅವಳನ್ನು ಕಾಯುತ್ತಿದ್ದರು. ಜನ ‘ವನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕು! ಅದನ್ನು ನೋಡಿ ನಗುವವರಿದ್ದಾರೆ. ನನಗೆ ಮಾತ್ರ ಅದು ಓಣಿಯ ಜನ ಚಲಾಯಿಸಿದ ಹಕ್ಕು ಎಂದೇ ಅನ್ನಿಸುತ್ತದೆ.

ಹಾಡು ಅಂದರೆ ಎಂಥ ಹಾಡು! ಮುಂದೆ ದೊಡ್ಡ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು ಬಾಲಕರಿದ್ದಾಗ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಅಲ್ಲಿ ಅವರ ದನಿ ಕೇಳಿಯೇ ಮಿರಜಿನ ನೀಲಕಂಠ ಬುವಾ ಆ ಬಾಲಕನನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ಬಸವರಾಜ ರಾಜಗುರುಗಳೂ ಹುಡುಗರಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದವರು. ಏಣಗಿ ಬಾಳಪ್ಪನವರು ಹರೆಯದಲ್ಲಿ ಹೆಣ್ಣು ಪಾತ್ರ ಮಾಡಿ, ಮುಂದೆ ತಮ್ಮದೇ ಕಲಾವೈಭವ ನಾಟ್ಯ ಸಂಘ ಕಟ್ಟಿ, ಬಸವಣ್ಣನಾಗಿ ನಿಂತರೆ ಜನ ಕೈ ಮುಗಿಯುತ್ತಿದ್ದರು. ನೂರು ವರ್ಷ ದಾಟಿ ಬದುಕಿ 2017ರಲ್ಲಿ ಹೋದರು ಆ ಪುಣ್ಯಾತ್ಮರು.

ಇನ್ನು ನಮ್ಮ ಗದಗಿನದೇ ಕತೆ ನಿನಗೆ ಗೊತ್ತಿದ್ದೂ ಮರೆತಿದ್ದೀ. ಪಂಚಾಕ್ಷರ ಗವಾಯಿಗಳ ಹೆಸರಿನ ನಾಟಕ ಕಂಪನಿ ಊರೂರು ತಿರುಗಿ ದುಡಿದದ್ದು ಯಾರಿಗಾಗಿ? ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ, ಅನಾಥ ಮಕ್ಕಳ ಅನ್ನಕ್ಕಾಗಿ. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಆ ಭಾರ ಹೊತ್ತರು. ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು ನಾಟಕ ರಚಿಸಿದರು, ಪಾತ್ರಗಳಿಗೆ ಹಾಡು ಕೂರಿಸಿದರು. ಪರದೆಯ ಮೇಲೆ ಬರೆದ ದರ್ಬಾರನ್ನು ಅವರು ಕಾಣಲಿಲ್ಲ, ಆದರೆ ಚಾಪೆಯವರು ಯಾವ ಹೊತ್ತಿಗೆ ಉಸಿರು ಹಿಡಿಯುತ್ತಾರೆ ಎಂಬುದು ಅವರಿಗಿಂತ ಯಾರಿಗೆ ಚೆನ್ನಾಗಿ ಗೊತ್ತಿದ್ದೀತು? ಇದನ್ನು ನೆನೆದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಓಣಿಗೂ ಕಂಪನಿಗೂ ಕೊಡುಕೊಳ್ಳುವುದಿತ್ತು. ನಾಟಕಕ್ಕೆ ಬೇಕೆಂದು ನಮ್ಮ ತಾಮ್ರದ ಹಂಡೆ ಹೋಗುತ್ತಿತ್ತು, ಎದುರು ಮನೆಯ ತೊಟ್ಟಿಲು ಹೋಗುತ್ತಿತ್ತು. ಮಳೆ ಹಿಡಿದು ಕಲೆಕ್ಷನ್ ಬಿದ್ದರೆ ಯಾರದೋ ಮನೆಯಿಂದ ಜೋಳ ಹೋಗುತ್ತಿತ್ತು. ಕ್ಯಾಂಪು ಏಳುವ ಮುಂಚೆ ಅವರೂ ಸಾಲಿಯ ಸಹಾಯಾರ್ಥ ಎಂದು ಒಂದು ಆಟ ಆಡಿಕೊಡುತ್ತಿದ್ದರು. ಆದರೆ ಇದೇ ಓಣಿಯವರು, ರಾತ್ರಿ ನಟಿಯ ಹಾಡಿಗೆ ಅತ್ತು, ಬೆಳಿಗ್ಗೆ ನಳದ ಹತ್ತಿರ ಅವಳು ಕೊಡ ಹಿಡಿದು ಬಂದರೆ ಮಾತು ನಿಲ್ಲಿಸುತ್ತಿದ್ದರು. ಅವ್ವ ಒಬ್ಬಳೇ ಅವಳನ್ನು ಒಳಗೆ ಕರೆದು, ಕುಂಕುಮ ಹಚ್ಚಿ, ಉಡಿ ತುಂಬಿದಳು. ಆ ನಟಿ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಕಿವಿಯ ಹಿಂದೆ ಉಳಿದ ಸಫೇದವನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ ಚಹಾ ಕುಡಿದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅದಕ್ಕೇ ನಿನ್ನ ಕಾಗದ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ‘ಜನ ಏನಂದಾರು’ ಎಂದು ಬರೆದಿದ್ದೀಯಲ್ಲ, ಅವ್ವ ಕೇಳದ ಆ ಪ್ರಶ್ನೆಯನ್ನು ಅವಳ ಕೈಯ ರೊಟ್ಟಿ ತಿಂದು ಬೆಳೆದ ನೀನು ಕೇಳಬೇಡ. ಹುಡುಗಿ ಊಟ ಬಿಟ್ಟು ತಾಲೀಮು ಮಾಡುತ್ತಾಳೆ ಎಂದಿದ್ದೀ, ಅದಕ್ಕೆ ಬೇಕಾದರೆ ಬಯ್ಯಿ, ನಾನೂ ಕೂಡಿಕೊಳ್ಳುತ್ತೇನೆ.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ಕಂಪನಿಗಳು ತಳ ಊರಿ ರಾತ್ರಿಯಿಡೀ ಆಟ ಆಡುತ್ತವೆ. ಈಗಿನ ನಾಟಕಗಳಲ್ಲಿ ಕೆಲವುಗಳ ಮಾತು ನನಗೂ ಸೇರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಪೇಟಿ ಹಿಡಿಯುವ ಒಳ್ಳೆಯ ಕೈಗಳು ಇನ್ನೂ ಇವೆ. ಮಗಳನ್ನು ಕರೆದುಕೊಂಡು ಬಾ. ಮುಂದಿನ ಕುರ್ಚಿ ಬೇಡ, ಹಿಂದೆಯೇ ಕೂಡೋಣ, ದನಿ ಅಲ್ಲಿಯವರೆಗೆ ಹೇಗೆ ಬರುತ್ತದೆ ಎಂದು ಅವಳಿಗೆ ತಿಳಿಯಲಿ. ಚಳಿ ಬಹಳ, ಶಾಲು ಮರೆಯಬೇಡ. ನಿನ್ನ ಹೆಂಡತಿಗೆ ಶೇಂಗಾ ಹೋಳಿಗೆ ಮಾಡಿಟ್ಟಿರುತ್ತೇನೆ, ನಿನಗೆ ಮಾತ್ರ ‘ಚೀರಾಟ’ ಎಂದದ್ದನ್ನು ವಾಪಸು ತೆಗೆದುಕೊಂಡ ಮೇಲೆಯೇ. ಯಾವ ಗಾಡಿಗೆ ಬರುತ್ತೀರಿ ಎಂದು ಮೊದಲೇ ತಿಳಿಸು.

ನಿನ್ನ ಅಕ್ಕ