ಎರಡು ಪ್ರತಿಗಳು

ಕೆಲವು ವರ್ಷಗಳ ಹಿಂದೆ, ಪುಣೆಯ ನಮ್ಮ ಕಚೇರಿಯಲ್ಲಿ, ಕಿರಿಯ ಸಹೋದ್ಯೋಗಿಯೊಬ್ಬಳನ್ನು ನಾನು ಅನ್ಯಾಯವಾಗಿ ಗದರಿಸಿದೆ. ಅವಳು ಬರೆದ ಪ್ರೋಗ್ರಾಮಿನಲ್ಲಿ ಒಂದು ಬಗೆಯ ದೋಷ ತಲೆದೋರಿದರೆ ಅದನ್ನು ಗುರುತಿಸಿ ಹಿಡಿಯಬೇಕಾದ ಸಾಲು ಹಿಡಿಯುತ್ತಿರಲಿಲ್ಲ. ಹೆಸರು ಸರಿ, ಒಳಗಿನ ವಿವರ ಸರಿ; ಆದರೂ ‘ಇದು ಆ ವರ್ಗದ್ದಲ್ಲ’ ಎಂಬ ಉತ್ತರ. ‘ಎಲ್ಲೋ ಅಕ್ಷರ ತಪ್ಪಿದೆ, ಕಣ್ಣುಬಿಟ್ಟು ನೋಡು’ ಎಂದು ಎಲ್ಲರೆದುರೇ ಹೇಳಿಬಿಟ್ಟೆ. ಅವಳು ಎರಡು ರಾತ್ರಿ ನಿದ್ದೆಗೆಟ್ಟಳು.

ತಪ್ಪು ಅವಳದಾಗಿರಲಿಲ್ಲ. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್‌ಗೆ ಪ್ರೋಗ್ರಾಮನ್ನು ಮಾಡ್ಯೂಲುಗಳಾಗಿ ಬಿಡಿಸಿ ಜೋಡಿಸುವ ಸ್ವಂತ ವ್ಯವಸ್ಥೆಯೇ ಇರಲಿಲ್ಲ. 2009ರಲ್ಲಿ ಬಂದ ನೋಡ್, ‘ರಿಕ್ವೈರ್’ ಎಂದು ಕರೆಯುವ ಕಾಮನ್‌ಜೆಎಸ್ ಪದ್ಧತಿಯನ್ನು ಅಪ್ಪಿಕೊಂಡಿತು. 2015ರಲ್ಲಿ ಭಾಷೆಯ ಅಧಿಕೃತ ಮಾನಕವು ‘ಇಂಪೋರ್ಟ್’ ಎಂಬ ಬೇರೆಯೇ ದಾರಿಯನ್ನು ತೆರೆಯಿತು. ಅಷ್ಟರಲ್ಲಿ ಹಳೆಯ ಪದ್ಧತಿಯಲ್ಲಿ ಲೆಕ್ಕವಿಲ್ಲದಷ್ಟು ಪ್ಯಾಕೇಜುಗಳು ಬೇರುಬಿಟ್ಟಿದ್ದವು. ಯಾರನ್ನೂ ನೋಯಿಸಬಾರದೆಂದು ಅನೇಕ ಲೇಖಕರು ತಮ್ಮ ಪ್ಯಾಕೇಜನ್ನು ಎರಡೂ ರೂಪಗಳಲ್ಲಿ ಹಂಚತೊಡಗಿದರು. (ಹೊಸ ಕಡತಗಳ ‘ಎಂಜೆಎಸ್’ ಬಾಲಕ್ಕೆ ಮೈಕಲ್ ಜಾಕ್ಸನ್ ಸ್ಕ್ರಿಪ್ಟ್ ಎಂಬ ಅಡ್ಡಹೆಸರೂ ಬಿತ್ತು.)

ನಮಗೆ ಮುಳುವಾದದ್ದು ಆ ಸೌಜನ್ಯವೇ. ನಮ್ಮ ಕಡತ ಒಂದು ಪ್ಯಾಕೇಜನ್ನು ಇಂಪೋರ್ಟ್ ಮಾಡುತ್ತಿತ್ತು. ನಾವು ಬಳಸುತ್ತಿದ್ದ ಇನ್ನೊಂದು ಹಳೆಯ ಪ್ಯಾಕೇಜು ಅದನ್ನೇ ರಿಕ್ವೈರ್ ಮಾಡುತ್ತಿತ್ತು. ಪರಿಣಾಮವಾಗಿ ಗಣಕದ ಸ್ಮೃತಿಯಲ್ಲಿ ಅದೇ ಪ್ಯಾಕೇಜಿನ ಎರಡು ಪ್ರತಿಗಳು, ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಕುಳಿತಿದ್ದವು. ಒಂದರಲ್ಲಿ ಹುಟ್ಟಿದ ದೋಷವನ್ನು ಇನ್ನೊಂದರ ವರ್ಗದೊಂದಿಗೆ ಹೋಲಿಸಿದರೆ ಹೊಂದುವುದಾದರೂ ಹೇಗೆ? ‘ಡ್ಯುಯಲ್ ಪ್ಯಾಕೇಜ್ ಹಜಾರ್ಡ್’ ಎಂದು ನೋಡ್‌ನ ಕೈಪಿಡಿಯೇ ಇದಕ್ಕೆ ಹೆಸರಿಟ್ಟಿತ್ತು. ನಾನು ಓದಿರಲಿಲ್ಲ.

ಎರಡು ಪದ್ಧತಿಗಳ ತೊಡಕೆಂದರೆ ಎರಡು ಬರವಣಿಗೆಗಳನ್ನು ಕಲಿಯುವ ಶ್ರಮವಷ್ಟೇ ಎನ್ನುವವರುಂಟು. ಆ ಶ್ರಮ ಒಂದು ಮಧ್ಯಾಹ್ನದ್ದು. ರಿಕ್ವೈರ್ ಹೊಸ ಮಾಡ್ಯೂಲನ್ನು ಒಪ್ಪದೆ ಕೂಗಿಕೊಂಡು ನಿಂತರೂ ಚಿಂತೆಯಿಲ್ಲ; ನಿಂತ ಜಾಗವಾದರೂ ಗೊತ್ತಾಗುತ್ತದೆ. ಎಲ್ಲವೂ ನಡೆಯುತ್ತಿರುವಂತೆ ಕಾಣುತ್ತಲೇ ಸುಳ್ಳು ಹೇಳುವ ಪ್ರೋಗ್ರಾಮು ಮಾತ್ರ ಮನುಷ್ಯರನ್ನು ಅನುಮಾನಿಸುವಂತೆ ಮಾಡುತ್ತದೆ. ನೋಡ್‌ನ 22ನೇ ಆವೃತ್ತಿಯ ಸರಣಿಯಲ್ಲಿ ರಿಕ್ವೈರ್ ಬಹುಪಾಲು ಹೊಸ ಮಾಡ್ಯೂಲುಗಳನ್ನು ಒಪ್ಪತೊಡಗಿದೆ. ಒಳ್ಳೆಯದೇ, ತಡವಾಯಿತು.

ಮೂರನೆಯ ದಿನ ಅವಳು ಎರಡೂ ಪ್ರತಿಗಳ ಹಾದಿಯನ್ನು ಕಾಗದದಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟು ಹೋದಳು, ಮಾತಾಡಲಿಲ್ಲ. ಎಲ್ಲರೆದುರು ಗದರಿಸಿದ್ದ ನಾನು ಕ್ಷಮೆ ಕೇಳಿದ್ದು ಮಾತ್ರ ಮೆಟ್ಟಿಲ ಬಳಿ, ಯಾರೂ ಇಲ್ಲದಾಗ. ‘ಆ ಹಳೆಯ ಪ್ಯಾಕೇಜನ್ನು ಬಿಟ್ಟುಬಿಡೋಣವೇ ಸರ್?’ ಎಂದಷ್ಟೇ ಕೇಳಿದಳು. ಅದರ ಕೆಲಸಕ್ಕೆ ನಲವತ್ತು ಸಾಲುಗಳನ್ನು ನಾವೇ ಬರೆದುಕೊಂಡೆವು.